ಗುಜರಿ ಕಬ್ಬಿಣದ ಪೂರ್ವಾಶ್ರಮ

ಓದುಗರ ಪ್ರಶ್ನೆ: "ಸರ್, ನಾನು ಗದಗ-ಬೆಟಗೇರಿಯವನು. ವಯಸ್ಸು 56. ಅಪ್ಪನ ಕಾಲದಿಂದ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಮುಚ್ಚಿದೆವು. ಟ್ರೆಡಲ್ ಮಷೀನ್ (ಕಾಲಿನಿಂದ ತುಳಿದು ನಡೆಸುವ ಅಚ್ಚಿನ ಯಂತ್ರ) ಬಿಚ್ಚಿ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಹೋದ ವರ್ಷ 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಮಷೀನ್ ತಂದು, ಭಾನುವಾರ ಭಾನುವಾರ ಗುಜರಿ ಸಾಮಾನಿನಿಂದ ಮೂರ್ತಿ ಮಾಡುತ್ತಿದ್ದೇನೆ. ಈಗ ನವಿಲು ನಡೆದಿದೆ. ಮೈಗೆ ಜಿಐ ಪೈಪಿನ ತುಂಡು, ಗರಿಗೆ ಬೈಕ್ ಚೈನ್, ಗರಿಯ ಕಣ್ಣಿಗೆ ಬೇರಿಂಗ್, ಪೀಠಕ್ಕೆ ಟ್ರೆಡಲ್‌ನ ಫ್ಲೈವ್ಹೀಲ್, ಅಂದರೆ ಅದರ ಭಾರದ ಚಕ್ರ. ಮೈ ಬೆಸೆದ ದಿನ ರಾತ್ರಿ ಚಳಿಜ್ವರ ಬರುತ್ತದೆ, ಸೋಮವಾರ ಸಂಜೆಯೊಳಗೆ ಮಾಯ. ಪಕ್ಕದ ಮನೆಯವರು 'ಹಾಲು ಕುಡೀರಿ, ಬೆಲ್ಲಾ ತಿನ್ರಿ, ಏನೂ ಆಗಂಗಿಲ್ಲ' ಎನ್ನುತ್ತಾರೆ. ಎರಡನೆಯದು, ಬೇರಿಂಗ್ ಗಟ್ಟಿಯಾಗಿ ಕೂತಿತ್ತು. ರಾತ್ರಿ ಊಟ ಮಾಡುವಾಗ ಕೊಟ್ಟಿಗೆಯಿಂದ 'ಟಿಣ್' ಅಂತ ಸದ್ದು. ಹೋಗಿ ನೋಡಿದರೆ ಕಿತ್ತು ಬಿದ್ದಿದೆ. ಫ್ಲೈವ್ಹೀಲಿಗೆ ಕಾಲು ಹಚ್ಚಿದರೂ ಬಿರುಕು. ವೆಲ್ಡಿಂಗ್ ರಾಡ್ ಸರಿಯಿಲ್ಲವೋ, ನನ್ನ ಕೈ ಸರಿಯಿಲ್ಲವೋ? ಇನ್ನೊಂದು ಸಣ್ಣ ಮಾತು. ಹಳೆ ಅಚ್ಚುಮೊಳೆ, ಅದೇ ಮುದ್ರಣದ ಲೋಹದ ಅಕ್ಷರ, ಒಂದು ಚೀಲ ಉಳಿದಿದೆ. ನವಿಲಿನ ಎದೆಯ ಮೇಲೆ ಅಕ್ಷರ ಕೂರಿಸುವ ಆಸೆ. ಟಾಕಾ (ಚುಕ್ಕೆ ಬೆಸುಗೆ) ಹಾಕಲು ಹೋದರೆ ಬೆಣ್ಣೆಯಂತೆ ಕರಗಿತು. ಅದಕ್ಕೆ ಯಾವ ರಾಡ್ ಬೇಕು? ನಾಲ್ಕು ವರ್ಷದ ಮೊಮ್ಮಗಳಿಗಂತೂ ಆ ಮೊಳೆಗಳೇ ಆಟಿಕೆ. ಮನೆಯವಳು 'ಈ ಹುಚ್ಚು ಸಾಕ್ ಮಾಡ್ರಿ' ಎನ್ನುತ್ತಾಳೆ. ಬಿಡಬೇಕಾ?"

ಬಿಡಬೇಡಿ. ಆದರೆ ನಿಮ್ಮ ಪ್ರಶ್ನೆಗಳನ್ನು ನಾನು ತಲೆಕೆಳಗೆ ಮಾಡಿ ಉತ್ತರಿಸುತ್ತೇನೆ. ಜ್ವರಕ್ಕೆ ಹೆದರಿದ್ದೀರಿ, ಬಿರುಕಿಗೆ ಬೇಸರಪಟ್ಟಿದ್ದೀರಿ. "ಸಣ್ಣ ಮಾತು" ಅಂದಿರಲ್ಲ, ನಿಮ್ಮ ಪತ್ರದಲ್ಲಿ ನಿಜವಾಗಿ ದೊಡ್ಡದು ಅದೇ.

ಅಚ್ಚುಮೊಳೆ ಅಂದರೆ ಸೀಸ. ಅದಕ್ಕೆ ಗಟ್ಟಿತನ ಬರಲಿ ಅಂತ ಆಂಟಿಮನಿ, ಅಚ್ಚಿನಲ್ಲಿ ಚೆನ್ನಾಗಿ ಹರಿಯಲಿ ಅಂತ ತವರ ಸೇರಿಸುತ್ತಿದ್ದರು. ಪ್ರೆಸ್ಸಿನ ಮನೆಯವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಈ ಮಿಶ್ರಣ ಸುಮಾರು 240 ಡಿಗ್ರಿಯಿಂದಲೇ ಕರಗಲು ಶುರುವಾಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿಗೂ ಜಾಸ್ತಿ ಬೇಕು. ವೆಲ್ಡಿಂಗ್ ಕಿಡಿಯ ಬಿಸಿ ಅದಕ್ಕೂ ಎಷ್ಟೋ ಪಟ್ಟು. ಆ ಬಿಸಿಗೆ ಮೊಳೆ ಸುಮ್ನೆ ಕರಗಿ ನಿಲ್ಲುವುದಿಲ್ಲ, ಆವಿಯಾಗುತ್ತದೆ. ಆ ಆವಿ ತಣ್ಣಗಾದ ಮೇಲೆ ಕಣ್ಣಿಗೆ ಕಾಣದ ಧೂಳಾಗಿ ನೆಲ, ಮೇವು, ನಿಮ್ಮ ಅಂಗಿ, ತಲೆಗೂದಲು ಎಲ್ಲದರ ಮೇಲೆ ಕೂರುತ್ತದೆ. ಆದ್ದರಿಂದ ಮೊಳೆಗೆ ಯಾವ ರಾಡೂ ಬೇಡ. ಅದಕ್ಕೆ ಬೆಂಕಿಯೇ ತೋರಿಸಬೇಡಿ.

ಇನ್ನು ಮೊಮ್ಮಗಳ ವಿಷಯ. ಹಳೆ ಮೊಳೆಯ ಮೇಲೆ ಬೂದಿ ಬಣ್ಣದ, ಕೆಲವೊಮ್ಮೆ ಬಿಳಿ ಪುಡಿ ಇರುತ್ತದೆ ನೋಡಿ, ಅದು ಕಿಲುಬು ಹಿಡಿದ ಸೀಸ. ಮಗು ಮೊಳೆ ಮುಟ್ಟುತ್ತದೆ, ಕೈ ಬಾಯಿಗೆ ಹೋಗುತ್ತದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಎಂಬ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಸ್ವಲ್ಪ ಸ್ವಲ್ಪವಾಗಿ ಮೈಗೆ ಹೋದರೆ ಕೂಡಲೇ ಜ್ವರ ಬರುವುದಿಲ್ಲ, ವಾಂತಿ ಆಗುವುದಿಲ್ಲ. ಮಗುವಿನ ಬುದ್ಧಿ, ಕಲಿಕೆ, ಬೆಳವಣಿಗೆ ಸದ್ದಿಲ್ಲದೆ ಕುಂಠಿತವಾಗುತ್ತದೆ. ಅದಕ್ಕೇ ಅದು ಮೋಸ.

ಹೆದರಿಸಲು ಹೇಳುತ್ತಿಲ್ಲ. ಈ ವಾರ ಮಾಡಬೇಕಾದ್ದನ್ನು ಹೇಳುತ್ತೇನೆ. ಚೀಲವನ್ನು ಮುಚ್ಚಳ ಇರುವ ಡಬ್ಬಿಗೆ ಹಾಕಿ, ಮಗುವಿನ ಕೈಗೆ ಸಿಗದ ಕಡೆ ಇಡಿ. ಕೊಟ್ಟಿಗೆಯ ನೆಲವನ್ನು ಕಸಬರಿಗೆಯಿಂದ ಗುಡಿಸಬೇಡಿ, ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಎಸೆಯಿರಿ. ಆ ದಿನ ಹಾಕಿದ್ದ ಅಂಗಿ ಬೇರೆಯಾಗಿ ಒಗೆಯಿರಿ. ಆಮೇಲೆ ಮಗುವನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ರಕ್ತದಲ್ಲಿ ಸೀಸದ ಪರೀಕ್ಷೆ ಆಗಬೇಕು ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಈ ಪರೀಕ್ಷೆ ಯಾರೂ ಬರೆಯುವುದಿಲ್ಲ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು. ನೀವೂ ಒಮ್ಮೆ ಮಾಡಿಸಿಕೊಳ್ಳಿ. ವರ್ಷಗಟ್ಟಲೆ ಪ್ರೆಸ್ಸಿನಲ್ಲಿ ಕಳೆದವರು ನೀವು.

ಹಾಗಾದರೆ ನವಿಲಿನ ಎದೆಯ ಅಕ್ಷರ? ದಾರಿ ಇದೆ. ಹಿಂದೆ ಪೋಸ್ಟರ್‌ಗೆ ಬಳಸುತ್ತಿದ್ದ ದೊಡ್ಡ ಮರದ ಅಕ್ಷರಗಳು ನಿಮ್ಮಲ್ಲಿ ಉಳಿದಿದ್ದರೆ ಅವನ್ನು ಸ್ಕ್ರೂ ಹಾಕಿ ಕೂರಿಸಿ. ಸೀಸದ್ದೇ ಬೇಕೆಂದರೆ ಗ್ಲೌಸ್ ಹಾಕಿಕೊಂಡು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಪಾರದರ್ಶಕ ರೆಸಿನ್ ಒಳಗೆ ಪೂರ್ತಿ ಮುಳುಗಿಸಿ ಅಚ್ಚು ಹಾಕಿ. ಹೊರಗೆ ಮುಟ್ಟಿದರೂ ಕೈಗೆ ಸೀಸ ತಾಗುವುದಿಲ್ಲ. ಆದರೆ ಬಿಸಿಲಿಗೆ ರೆಸಿನ್ ಹಳದಿಯಾಗುತ್ತದೆ, ಆದ್ದರಿಂದ ನೆರಳಲ್ಲಿ ಇಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಇನ್ನೂ ಒಂದು ಮಾತು. ಒಂದು ಸೆಟ್ ಅಕ್ಷರ ಪೂರ್ತಿ ಇದ್ದರೆ ಒಡೆಯಬೇಡಿ. ಗದಗ ಮುದ್ರಣಕ್ಕೆ ಹೆಸರಾದ ಊರು. ಪೂರ್ತಿ ಸೆಟ್ ಇಟ್ಟುಕೊಂಡರೆ ಅದು ಅಪ್ಪನ ನೆನಪು, ತೂಕಕ್ಕೆ ಹಾಕಿದರೆ ಬರೀ ಸೀಸ.

ಈಗ ಜ್ವರ. ಇದು ನನಗೂ ಬಂದಿದೆ. ಹುಬ್ಬಳ್ಳಿಯಲ್ಲಿ ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ನೀರಿನ ಟ್ಯಾಂಕ್ ಸ್ಟ್ಯಾಂಡ್‌ಗೆ ಇಡೀ ದಿನ ಜಿಐ ಪೈಪ್ ಬೆಸೆದೆ. ಸಂಜೆ ಚಹಾ ಕುಡಿದರೆ ಬಾಯಲ್ಲಿ ಸಿಹಿ ಸಿಹಿ, ತಾಮ್ರದ ದುಡ್ಡು ನೆಕ್ಕಿದ ಹಾಗೆ. ರಾತ್ರಿ ಎರಡು ಚಾದರ ಹೊದ್ದರೂ ನಡುಕ. ಮಲೇರಿಯಾ ಅಂದುಕೊಂಡು ಮಾತ್ರೆಗೆ ಓಡಾಡಿದರು ಮನೆಯವರು. ಮಾರನೇ ದಿನ ಎದ್ದು ಕೆಲಸಕ್ಕೆ ಹೋದೆ. ನನ್ನ ಉಸ್ತಾದರು ನಕ್ಕರು, "ಜಿಐ ಬಡದೈತಿ" ಅಂದರು.

ಜಿಐ ಪೈಪಿಗೆ ತುಕ್ಕು ಹಿಡಿಯದಿರಲಿ ಅಂತ ಸತುವಿನ ಲೇಪ ಕೊಟ್ಟಿರುತ್ತಾರೆ. ಸತು 907 ಡಿಗ್ರಿಗೆ ಕುದಿಯುತ್ತದೆ. ಅಂದರೆ ಕೆಳಗಿನ ಕಬ್ಬಿಣ ಕರಗುವ ಮೊದಲೇ ಮೇಲಿನ ಸತು ಹೊಗೆಯಾಗಿ ಹಾರಿರುತ್ತದೆ. ಬೆಸೆಯುವಾಗ ಬಿಳಿ ಹೊಗೆ, ಅಕ್ಕಪಕ್ಕ ಜೇಡರ ಬಲೆಯಂಥ ಬಿಳಿ ಎಳೆ ಕಂಡಿರಬೇಕು, ಅಲ್ವಾ? ಅದೇ. ಅದು ಶ್ವಾಸಕೋಶಕ್ಕೆ ಹೋಗಿ ನಾಲ್ಕರಿಂದ ಹತ್ತು ಗಂಟೆಯ ಮೇಲೆ ಚಳಿ, ಜ್ವರ, ಮೈಕೈ ನೋವು ತರುತ್ತದೆ. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

"ದಿನಾ ಜಿಐ ಬೆಸೆಯುವ ಹುಡುಗರಿಗೆ ಏನೂ ಆಗುವುದಿಲ್ಲ, ನನಗೇ ಯಾಕೆ?" ಎಂದು ನಿಮಗೆ ಅನಿಸಿರಬಹುದು. ದಿನಾ ಈ ಹೊಗೆ ಕುಡಿದರೆ ದೇಹ ಎರಡು ಮೂರು ದಿನಕ್ಕೆ ಅದಕ್ಕೆ ಒಗ್ಗುತ್ತದೆ. ಒಂದೆರಡು ದಿನ ರಜೆ ಸಿಕ್ಕರೆ ಒಗ್ಗಿದ್ದು ಹೋಗುತ್ತದೆ. ಅದಕ್ಕೇ ಕಾರ್ಖಾನೆಗಳಲ್ಲಿ ಇದಕ್ಕೆ ಸೋಮವಾರದ ಜ್ವರ ಎಂಬ ಹೆಸರೂ ಇದೆ. ನೀವು ಭಾನುವಾರ ಮಾತ್ರ ಬೆಸೆಯುತ್ತೀರಿ, ಆದ್ದರಿಂದ ಪ್ರತಿ ಸಲವೂ ಹೊಸಬರು. ಜ್ವರ ಬಾರದ ಹುಡುಗರ ಎದೆಗೆ ಹೊಗೆ ಹೋಗುತ್ತಿಲ್ಲ ಎಂದು ಇದರ ಅರ್ಥವಲ್ಲ.

ಹಾಲು, ಬೆಲ್ಲ? ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಎದೆಗೆ. ಕೊಳವೆಗಳೇ ಬೇರೆ. ಬೆಲ್ಲ ತಿಂದರೆ ಗಂಟಲಿನ ಕೆರೆತ ಕಡಿಮೆಯಾಗಿ ಹಾಯೆನಿಸುತ್ತದೆ, ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಸೀಸದ ವಿಷಯದಲ್ಲಿ ಮಾತ್ರ ಅರ್ಧ ಸತ್ಯ ಇದೆ. ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ಅಂಶ ಚೆನ್ನಾಗಿದ್ದರೆ ಹೊಟ್ಟೆಗೆ ಹೋದ ಸೀಸ ರಕ್ತಕ್ಕೆ ಸೇರುವುದು ಸ್ವಲ್ಪ ತಗ್ಗುತ್ತದೆ. ಉಸಿರಲ್ಲಿ ಹೋದದ್ದಕ್ಕೆ ಅದೂ ಇಲ್ಲ. ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ. ಅದನ್ನು ನಂಬಿಕೊಂಡು ಮಾಸ್ಕ್ ಬಿಡಬೇಡಿ.

ಮಾಸ್ಕ್ ಅಂದರೆ ಮುಖಕ್ಕೆ ಕಟ್ಟುವ ಟವೆಲ್ ಅಲ್ಲ. ಎರಡು ಕಡೆ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬರುತ್ತದೆ. ಅದಕ್ಕೆ ಪಿ100 ಫಿಲ್ಟರ್ ಕೇಳಿ. ಹೆಲ್ಮೆಟ್ ಒಳಗೆ ಹಿಡಿಸುತ್ತದೆಯಾ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಗಡ್ಡ ಇದ್ದರೆ ಸಂದಿನಿಂದ ಹೊಗೆ ನುಗ್ಗುತ್ತದೆ. ಕೊಟ್ಟಿಗೆಯ ಬಾಗಿಲ ಹೊರಗೆ ಬಯಲಲ್ಲಿ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು. ಹೊಗೆಯ ಮೇಲೆ ಬಗ್ಗಿ ನಿಲ್ಲುವ ಅಭ್ಯಾಸ ಬಿಡಿ.

ಜಿಐ ಬೆಸೆಯಲೇಬೇಕು ಎಂದರೆ ಜೋಡಣೆಯ ಎರಡೂ ಕಡೆ ಎರಡೆರಡು ಇಂಚಾದರೂ ಲೇಪ ಗ್ರೈಂಡರ್‌ನಿಂದ ತೆಗೆಯಬೇಕು, ಅದೂ ಮಾಸ್ಕ್ ಹಾಕಿಕೊಂಡು. ಪೈಪಿನ ಒಳಗಿನ ಲೇಪ ಹಾಗೇ ಉಳಿಯುತ್ತದೆ, ಹೊಗೆ ಪೂರ್ತಿ ತಪ್ಪುವುದಿಲ್ಲ. ಆಸಿಡ್‌ನಲ್ಲಿ ನೆನೆಸಿ ತೆಗೆಯುವವರಿದ್ದಾರೆ. ಅದರಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಮೇಲಾಗಿ ಆಸಿಡ್ ಆವಿಗೆ ನಿಮ್ಮ ಕೊಟ್ಟಿಗೆಯ ಎಲ್ಲ ಸಾಮಾನಿಗೂ ಎರಡೇ ದಿನದಲ್ಲಿ ತುಕ್ಕು. ಬೆಂಕಿಗೆ ಹಾಕಿ ಸುಡುವುದಂತೂ ಊರಿಗೆಲ್ಲ ಹೊಗೆ ಹಂಚಿದಂತೆ. ಮೈಗೆ ಜಿಐ ಬದಲು ಸತುವಿನ ಲೇಪವಿಲ್ಲದ ಕರಿ ಪೈಪ್ ಬಳಸಿದರೆ ಈ ರಗಳೆಯೇ ಇಲ್ಲ. ಈಗಾಗಲೇ ಕೂಡಿಟ್ಟ ಜಿಐ ಇದೆಯಲ್ಲ, ಅದಕ್ಕೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ದಾರಿ ಹಿಡಿಯಿರಿ. ಅಲ್ಲಿನ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕೇ ಸಿಮೆಂಟಿನಲ್ಲಿ ನಿಂತಿದೆ. ಸಿಮೆಂಟ್ ಮೂರ್ತಿಗೆ ಒಳಗೆ ಅಸ್ಥಿಪಂಜರ ಬೇಕು. ಪೈಪು, ಸರಳು, ಜಾಳಿಗೆಯನ್ನು ಬೈಂಡಿಂಗ್ ವೈರ್‌ನಿಂದ ಕಟ್ಟಿದರೆ ಸಾಕು, ಒಂದು ಕಿಡಿಯೂ ಬೇಡ.

ಎರಡು ದಿನವಾದರೂ ಜ್ವರ ಇಳಿಯದಿದ್ದರೆ, ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಏನು ಬೆಸೆದಿರಿ ಎಂದು ಡಾಕ್ಟರಿಗೆ ಹೇಳಿ. ಹೇಳದಿದ್ದರೆ ವೈರಲ್ ಅಂತ ಮಾತ್ರೆ ಕೊಟ್ಟು ಕಳಿಸುತ್ತಾರೆ. ಯಾಕೆಂದರೆ ಎಲ್ಲ ಲೇಪವೂ ಸತುವಿನಷ್ಟು ಸಾಧು ಅಲ್ಲ. ಹಳೆ ಮಷೀನಿನ ಹೊಳೆಯುವ ಬೋಲ್ಟುಗಳಲ್ಲಿ ಕ್ಯಾಡ್ಮಿಯಂ ಲೇಪ ಇರಬಹುದು. ಅದರ ಹೊಗೆಯೂ ಮೊದಲು ಇದೇ ಚಳಿಜ್ವರದಂತೆ ಶುರುವಾಗುತ್ತದೆ, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರಬಹುದು. ಕಣ್ಣಳತೆಯಲ್ಲಿ ಸತು ಯಾವುದು, ಕ್ಯಾಡ್ಮಿಯಂ ಯಾವುದು ಎಂದು ನನಗೂ ಹೇಳಲಾಗುವುದಿಲ್ಲ. ಬೈಕಿನ ಥಳಥಳ ಕ್ರೋಮ್ ಭಾಗಗಳ ಹೊಗೆಯೂ ಕ್ಯಾನ್ಸರ್ ತರುವ ಜಾತಿಯದು. ಲೇಪ ಇದ್ದ ಯಾವುದನ್ನೂ ಬೆಸೆಯುವುದಿಲ್ಲ, ಬೋಲ್ಟ್ ಹಾಕುತ್ತೇನೆ ಎಂದು ಇಟ್ಟುಕೊಂಡರೆ ತಲೆನೋವು ಕಡಿಮೆ.

ಇನ್ನು ಆ 'ಟಿಣ್' ಸದ್ದು. ನಿಮ್ಮ ಕೈಯೂ ಸರಿ ಇದೆ, ರಾಡೂ ಸರಿ ಇದೆ. ಎಲ್ಲ ಕಬ್ಬಿಣ ಒಂದೇ ಅಂದುಕೊಂಡಿದ್ದೇ ತಪ್ಪು. ಗುಜರಿಯಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ, ನಮಗೂ ಹಾಗೇ ಅಭ್ಯಾಸವಾಗಿದೆ. ಆದರೆ ಪ್ರತಿ ತುಂಡಿಗೂ ಒಂದು ಪೂರ್ವಾಶ್ರಮ ಇದೆ. ಅದು ಮೊದಲು ಏನಾಗಿತ್ತು ಎನ್ನುವುದರ ಮೇಲೆ ಈಗ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದು ನಿಂತಿದೆ.

ಬೇರಿಂಗ್‌ನ ಉಕ್ಕಿನಲ್ಲಿ ನೂರಕ್ಕೆ 1ರಷ್ಟು ಕಾರ್ಬನ್ ಇರುತ್ತದೆ. ಗೇಟು, ಕಿಟಕಿಯ ಸಾದಾ ಕಬ್ಬಿಣದಲ್ಲಿ ಅದರ ಕಾಲು ಭಾಗವೂ ಇರುವುದಿಲ್ಲ. ಕಾರ್ಬನ್ ಜಾಸ್ತಿ ಇದ್ದ ಉಕ್ಕನ್ನು ಬೆಸೆದಾಗ ಬೆಸುಗೆಯ ಅಂಚು ಕೆಂಪಗೆ ಕಾಯುತ್ತದೆ, ಪಕ್ಕದ ತಣ್ಣನೆ ಭಾಗ ಆ ಬಿಸಿಯನ್ನು ಗಬಕ್ಕನೆ ಹೀರುತ್ತದೆ. ಕಮ್ಮಾರ ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿ ಗಡಸು ಮಾಡುತ್ತಾನಲ್ಲ, ಅದೇ ಕೆಲಸ ಇಲ್ಲಿ ನಿಮಗೆ ಗೊತ್ತಿಲ್ಲದೆ ಆಗಿಬಿಡುತ್ತದೆ. ಆ ಅಂಚು ಗಾಜಿನಂತಾಗುತ್ತದೆ. ಅದರ ಜೊತೆಗೆ ತೇವ ಹಿಡಿದ ರಾಡಿನಿಂದ ಹೈಡ್ರೋಜನ್ ಒಳಗೆ ಸೇರಿಕೊಂಡಿರುತ್ತದೆ. ಅದು ಗಂಟೆಗಟ್ಟಲೆ, ಕೆಲವೊಮ್ಮೆ ಎರಡು ದಿನ ಒಳಗೊಳಗೇ ಕೆಲಸ ಮಾಡಿ ಒಂದು ಗಳಿಗೆಯಲ್ಲಿ ಸೀಳುತ್ತದೆ. ನಿಮ್ಮ ಊಟದ ಹೊತ್ತಿಗೆ ಕೇಳಿಸಿದ್ದು ಅದು. ಸೀಳುವಾಗ ಚೂರು ಹಾರುವುದೂ ಉಂಟು, ಆದ್ದರಿಂದ ಹೊಸದಾಗಿ ಬೆಸೆದ ಬೇರಿಂಗ್‌ಗೆ ಮುಖ ಕೊಟ್ಟು ನೋಡುತ್ತಾ ಕೂರಬೇಡಿ.

ಕಾರ್ಬನ್ ಜಾಸ್ತಿಯೋ ಕಡಿಮೆಯೋ ಎಂದು ತಿಳಿಯುವುದು ಹೇಗೆ? ಗ್ರೈಂಡರ್‌ಗೆ ಒಂದು ಸಲ ತಾಗಿಸಿ, ಕಿಡಿ ನೋಡಿ. ಸಾದಾ ಕಬ್ಬಿಣದ ಕಿಡಿ ಹಳದಿ, ಉದ್ದ, ನೆಟ್ಟಗೆ. ಬೇರಿಂಗ್, ಅರ, ಲಾರಿಯ ಪಾಟಾ (ಪಟ್ಟಿ ಸ್ಪ್ರಿಂಗ್) ಇವುಗಳ ಕಿಡಿ ಸುರುಸುರುಬತ್ತಿಯಂತೆ ತುದಿಯಲ್ಲಿ ಒಡೆದು ನಕ್ಷತ್ರವಾಗುತ್ತದೆ. ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು, ಗಿಡ್ಡ, ಮಂಕು ಕೆಂಪು. ಸಂಜೆ ಬೆಳಕು ಕಡಿಮೆಯಾದಾಗ ಪಕ್ಕದಲ್ಲಿ ಒಂದು ಗೊತ್ತಿದ್ದ ಸಾದಾ ಸರಳು ಇಟ್ಟುಕೊಂಡು ಹೋಲಿಸಿ. ಒಂದು ತಾಸಿನಲ್ಲಿ ಕಣ್ಣು ಪಳಗುತ್ತದೆ. ನಾನು ಪುಸ್ತಕದಿಂದ ಕಲಿಯದ, ಕೆಲಸಕ್ಕೆ ಹತ್ತಿದ ಹುಡುಗರಿಗೆ ಮೊದಲ ದಿನವೇ ಕಲಿಸುವ ವಿದ್ಯೆ ಇದೊಂದೇ.

ಬೇರಿಂಗ್ ಬೆಸೆಯುವ ಮೊದಲು ಗ್ರೀಸ್ ಪೂರ್ತಿ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು, ಸೋಪು ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ. ಕ್ಲೋರಿನ್ ಇರುವ ಸ್ಪ್ರೇ ಕ್ಲೀನರ್ ಬೇಡ. ಅದರ ಪಸೆ ಉಳಿದಿದ್ದರೆ ವೆಲ್ಡಿಂಗ್ ಬೆಳಕಿಗೆ ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ, ಮಹಾಯುದ್ಧದಲ್ಲಿ ಬಳಸಿದ್ದ ಅನಿಲ ಅದು. ತೊಳೆದ ಬೇರಿಂಗ್ ಅನ್ನು ಸುಮಾರು 250 ಡಿಗ್ರಿಗೆ ಕಾಯಿಸಿ, 309 ಅಥವಾ 312 ನಂಬರಿನ ಸ್ಟೇನ್‌ಲೆಸ್ ರಾಡಿನಿಂದ ಸಣ್ಣ ಟಾಕಾ ಹಾಕಿ, ಕೂಡಲೇ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ನೀರು ಸುರಿಯುವ ಚಟ ಇದ್ದರೆ ಇಲ್ಲಿ ಬೇಡವೇ ಬೇಡ. ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಒಂದೆರಡು ಕೈಕೊಡಬಹುದು. ಸುಲಭದ ದಾರಿ ಬೇರೆ ಇದೆ. ಬೇರಿಂಗ್ ಸುತ್ತ ಸಾದಾ ಕಬ್ಬಿಣದ ಪಟ್ಟಿಯ ಬಳೆ ಮಾಡಿ, ಬಳೆಯನ್ನು ಗರಿಗೆ ಬೆಸೆದು, ಅದು ಆರಿದ ಮೇಲೆ ಬೇರಿಂಗ್ ಅನ್ನು ಒತ್ತಿ ಕೂರಿಸಿ. ಕಣ್ಣು ತಿರುಗುವುದೂ ಉಳಿಯುತ್ತದೆ. ಗಾಳಿಗೆ ತಿರುಗುವ ನವಿಲುಗಣ್ಣು ಚೆಂದ ಅಲ್ವಾ?

ಫ್ಲೈವ್ಹೀಲ್ ಬೀಡಿನದ್ದು. ಬೀಡಿನಲ್ಲಿ ಕಾರ್ಬನ್ ನೂರಕ್ಕೆ 2ರಿಂದ 4. ಅದನ್ನು ಸಾದಾ ರಾಡಿನಲ್ಲಿ ಬೆಸೆದರೆ ಬಿರುಕು ಬಿಡದಿದ್ದರೇ ಆಶ್ಚರ್ಯ. ನಿಕ್ಕಲ್ ರಾಡ್ ಇದೆ, ದುಬಾರಿ. ಒಂದೊಂದು ಇಂಚು ಬೆಸೆದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾದು, ಮತ್ತೆ ಒಂದಿಂಚು ಹೋಗಬೇಕು. ಗ್ಯಾಸ್‌ನಲ್ಲಿ ಹಿತ್ತಾಳೆ ಬೆಸುಗೆಯೂ ಆಗುತ್ತದೆ. ಆದರೆ ಇದು ಓಡುವ ಮಷೀನ್ ಅಲ್ಲ, ನಿಲ್ಲುವ ಪೀಠ. ತೂತು ಕೊರೆದು ಬೋಲ್ಟ್ ಹಾಕಿ. ಬೀಡಿನಲ್ಲಿ ಗ್ರಾಫೈಟ್ ಇರುವುದರಿಂದ ಎಣ್ಣೆ ಇಲ್ಲದೆಯೇ ಡ್ರಿಲ್ ಸರಾಗವಾಗಿ ಇಳಿಯುತ್ತದೆ. ನಾಳೆ ಮನಸ್ಸು ಬದಲಾದರೆ ಬಿಚ್ಚಬಹುದು, ತೂತು ಬಿಟ್ಟರೆ ಅಪ್ಪನ ಚಕ್ರಕ್ಕೆ ಬೇರೆ ಗಾಯವಿಲ್ಲ.

ಮಷೀನಿನ ಮೇಲೆ ಬರೆದ 200 ಆಂಪಿಯರ್ ನೋಡಿ ಹಿಗ್ಗಬೇಡಿ. ನಿಮ್ಮ ಕೆಲಸಕ್ಕೆ 2.5 ಎಂಎಂ ರಾಡ್, 70-80 ಆಂಪಿಯರ್ ಸಾಕು. ಅಷ್ಟಕ್ಕೇ ಮನೆಯ 16 ಆಂಪಿಯರ್ ಸಾಕೆಟ್ ಹೆಚ್ಚುಕಡಿಮೆ ತುಂಬುತ್ತದೆ. ಎಂಸಿಬಿ ಬೀಳುತ್ತದೆ ಅಂತ ದೊಡ್ಡದು ಹಾಕಿಸಬೇಡಿ, ಅದು ಕಾಯುವುದು ಮಷೀನನ್ನಲ್ಲ, ಗೋಡೆಯೊಳಗಿನ ವೈರನ್ನು. ಮೀಟರ್‌ನಿಂದ ಕೊಟ್ಟಿಗೆಗೆ ಬೇರೆ ಲೈನ್, ಒಳ್ಳೆ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್), ಇಷ್ಟು ಮಾಡಿಸಿ.

ಕೊಟ್ಟಿಗೆ ಅಂದಿರಿ. ಪಕ್ಕದಲ್ಲಿ ಬಣವೆ ಇದೆಯಾ? ಹತ್ತಿ ತುಂಬಿದ ಚೀಲ? ಕಿಡಿ 10 ಮೀಟರ್‌ವರೆಗೆ ಹಾರುತ್ತದೆ, ಹೊಟ್ಟಿನೊಳಗೆ ಹೊಕ್ಕು ಅರ್ಧ ತಾಸು ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಂದು ತಾಸಾದರೂ ಅಲ್ಲೇ ಇರಿ. ಚಹಾ ಅಲ್ಲಿಗೇ ತರಿಸಿಕೊಳ್ಳಬೇಡಿ, ಕೈ ತೊಳೆದು ಹೊರಗೆ ಕುಡಿಯಿರಿ. ಇನ್ನು ಮೊಮ್ಮಗಳು ವೆಲ್ಡಿಂಗ್ ಬೆಳಕು ಬೀಳುವ ಜಾಗದಲ್ಲಿ ಇರಲೇಬಾರದು. ಕಣ್ಣುರಿ ಆಗಲೇ ಗೊತ್ತಾಗುವುದಿಲ್ಲ, ರಾತ್ರಿ ಮರಳು ಬಿದ್ದ ಹಾಗೆ ಶುರುವಾಗುತ್ತದೆ.

ಮುಗಿದ ಮೇಲೆ ಅಗಸೆ ಎಣ್ಣೆ ಹಚ್ಚಿದರೆ ಕಬ್ಬಿಣಕ್ಕೆ ಒಳ್ಳೆ ಮೆರುಗು ಬರುತ್ತದೆ. ಅಡುಗೆಯ ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು, ಪೇಂಟ್ ಅಂಗಡಿಯ ಬೇಗ ಒಣಗುವ ಎಣ್ಣೆ ತನ್ನಿ. ಗದಗಿನ ಒಣ ಹವೆಗೆ ವರ್ಷಕ್ಕೊಮ್ಮೆ ಹಚ್ಚಿದರೆ ಸಾಕು. ಧಾರವಾಡದ ಮಳೆಗೆ ಅಷ್ಟು ಸಾಲದು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗಿ ಬಟ್ಟೆ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಗೆ ಹಾಕಿ.

ನೀವು ಕಳಿಸಿದ ಫೋಟೋದಲ್ಲಿ ಇನ್ನೊಂದು ಕಂಡಿತು. ಮೂಲೆಯಲ್ಲಿ ಬೈಕಿನ ಎರಡು ಶಾಕ್ ಅಬ್ಸಾರ್ಬರ್ ಎತ್ತಿಟ್ಟಿದ್ದೀರಿ, ಕುತ್ತಿಗೆಗೆ ಇರಬೇಕು. ಸುತ್ತಲಿನ ಸ್ಪ್ರಿಂಗ್ ಬಿಚ್ಚಿ ಬಳಸಬಹುದು, ಅದೂ ಬೆಸೆಯದೆ ಸಿಕ್ಕಿಸಿ. ಬಿಚ್ಚುವಾಗಲೂ ಹುಷಾರು, ಅದು ಒತ್ತಿಟ್ಟ ಸ್ಪ್ರಿಂಗ್, ಮೆಕ್ಯಾನಿಕ್ ಹತ್ತಿರ ಮಾಡಿಸಿದರೆ ಒಳ್ಳೆಯದು. ಒಳಗಿನ ಕೊಳವೆ ಮಾತ್ರ ಮುಚ್ಚಿದ್ದು, ಅದರಲ್ಲಿ ಎಣ್ಣೆ ಇದೆ, ಕೆಲವುದರಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಕೂಡ. ಬಿಸಿ ತಗುಲಿದರೆ ಬಾಂಬ್. ಪೆಟ್ರೋಲ್ ಟ್ಯಾಂಕ್, ಎಣ್ಣೆ ಡ್ರಮ್, ಗ್ಯಾಸ್ ಸಿಲಿಂಡರ್, ಎರಡೂ ತುದಿ ಮುಚ್ಚಿದ ಪೈಪ್, ಎಲ್ಲಕ್ಕೂ ಇದೇ ಮಾತು. ತೊಳೆದಿದ್ದೇನೆ ಅಂದರೂ ನಾನು ಕೈ ಹಾಕುವುದಿಲ್ಲ. ಆ ಎರಡನ್ನೂ ವಾಪಸ್ ಗುಜರಿಗೆ ಕೊಟ್ಟು, ಕುತ್ತಿಗೆಗೆ ಸೈಕಲ್ಲಿನ ಹಳೆ ಹ್ಯಾಂಡಲ್ ತನ್ನಿ. ಕ್ರೋಮ್ ಲೇಪ ಇರುತ್ತದೆ, ಬೋಲ್ಟ್ ಹಾಕಿ.